ಸರ್ಜಪ್ಪ ನಾಯಕರ ಸೂರ್ಯವಂಶ

"ನಾನು ಸೂರ್ಯನ ವಂಶದವನು" ಅಂತ ಹುತ್ತಿನಕೋಟೆಯ ಪಾಳೆಯಗಾರ ಸರ್ಜಪ್ಪ ನಾಯಕರು ತುಂಬಿದ ಸಭೆಯಲ್ಲಿ ಸಾರಿದಾಗ, ಪಕ್ಕದಲ್ಲಿ ನಿಂತು ವೀಳ್ಯ ಮಡಿಸುತ್ತಿದ್ದ ಚೌಡಣ್ಣನ ಕೈಯಿಂದ ಎಲೆಗೆ ಸುಣ್ಣ ಒಂದಿಷ್ಟು ಜಾಸ್ತಿ ಬಿತ್ತು.

ನಿನ್ನೆ ಸಂಜೆಯವರೆಗೂ ನಾಯಕರು ತಮ್ಮ ಅಪ್ಪನ ಮಗನಾಗಿಯೇ ಇದ್ದರು. ರಾತ್ರಿ ಬೆಳಗಾಗುವುದರೊಳಗೆ ಈ ಬಡ್ತಿ ಎಲ್ಲಿಂದ ಬಂತು?

ಬಂದದ್ದು ತ್ರಿವಿಕ್ರಮ ಪಂಡಿತ ಎಂಬ ಮಹಾನುಭಾವನ ಜೋಳಿಗೆಯಿಂದ. ಅದರಲ್ಲಿ ಒಂದು ತಾಳೆಗರಿಯ ಕಟ್ಟು. ಹುತ್ತದೊಳಗೆ ಸಿಕ್ಕಿತಂತೆ, ಮೂರು ಸಾವಿರ ವರ್ಷ ಹಳೆಯದಂತೆ. ಅದರ ಪ್ರಕಾರ ನಾಯಕರ ಮೂಲಪುರುಷ ಚಿನ್ನದ ಕತ್ತಿ ಹಿಡಿದು ಸೂರ್ಯನಿಂದ ನೆಟ್ಟಗೆ ಈ ಗುಡ್ಡದ ಮೇಲೆ ಇಳಿದ. ಪಾಂಡವರು ಬಿಲ್ಲುವಿದ್ಯೆ ಕಲಿತದ್ದು ಇವನ ಹತ್ತಿರ. ಹಸ್ತಿನಾವತಿ ಇವನ ಬೇಸಿಗೆ ಮನೆ. ಚೀನಾ, ಜಪಾನಿನ ಅರಸರೂ ಇವನ ಕಿರಿಸೊಸೆಯ ಮಕ್ಕಳೇ. ಆಸ್ತಿ ಪಾಲಿನಲ್ಲಿ ಮುನಿಸಿಕೊಂಡು ಹಡಗು ಹತ್ತಿದವರು. ಹೇಳುವವನಿಗೆ ನಾಚಿಕೆ ಇಲ್ಲದಿದ್ದರೆ ಕೇಳುವವರಿಗಾದರೂ ಬುದ್ಧಿ ಬೇಡವೆ? ನಾಯಕರ ಕಣ್ಣಲ್ಲಿ ಆನಂದಬಾಷ್ಪ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಗ್ರಹಚಾರಕ್ಕೆ ಅದೇ ದಿನ ಹೆಳವರ ಬೂದಜ್ಜ ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬಂದ. ಹೆಳವರು ಅಂದರೆ ಗೊತ್ತಲ್ಲ, ಮನೆಮನೆಯ ವಂಶಾವಳಿಯನ್ನು ಬಾಯಲ್ಲೇ ಇಟ್ಟುಕೊಂಡು, ವರ್ಷಕ್ಕೊಮ್ಮೆ ಬಂದು ಹಾಡಿ, ಕಾಳುಕಡಿ ಇಸಿದುಕೊಂಡು ಹೋಗುವವರು. ಬೂದಜ್ಜ ಎಂದಿನಂತೆ ಶುರು ಮಾಡಿದ. ನಾಯಕರ ಏಳು ತಲೆ ಹಿಂದಿನ ಅಜ್ಜ ಉಪ್ಪಿನ ಕೆಂಚಪ್ಪ; ಮೂರು ಕತ್ತೆ ಹೊಡೆದುಕೊಂಡು ಉಪ್ಪು ಮಾರುತ್ತ ಈ ಗುಡ್ಡಕ್ಕೆ ಬಂದವನು.

ಸಭೆಯ ಕಣ್ಣೆಲ್ಲ ನಾಯಕರ ಕಡೆ ತಿರುಗಿತು.

"ಕತ್ತೆ ಬಿಡು. ಸೂರ್ಯ ಅನ್ನು" ಅಂದರು ನಾಯಕರು.

"ನಮ್ಮಪ್ಪ ನಂಗೆ ಕತ್ತೆ ಅಂತಲೇ ಹೇಳಿಕೊಟ್ಟವ್ನೆ, ಬುದ್ಧಿ. ಇಲ್ಲಿ ಬದಲಾಯಿಸಿದ್ರೆ ನಾಳೆ ಯಾರ ಮನೇಲಿ ನನ್ನ ಮಾತು ನಂಬ್ತಾರೆ?"

"ಹಾಗಾದರೆ ಇವತ್ತು ಹೊತ್ತು ಮುಳುಗುವುದರೊಳಗೆ ಇವನ ನಾಲಗೆ ಕತ್ತರಿಸಿ."

ಚೌಡಣ್ಣ ಮಡಿಸಿದ ವೀಳ್ಯವನ್ನು ತಟ್ಟೆಯಲ್ಲಿಟ್ಟು ಮುಂದೆ ಬಂದ. ಅಪ್ಪ ಸತ್ತಾಗ ಅವನು ತೊಟ್ಟಿಲ ಕೂಸು. ತನ್ನ ಅಜ್ಜ ಯಾರು, ಮುತ್ತಜ್ಜ ಯಾರು ಅಂತ ಅವನಿಗೆ ಗೊತ್ತಾದದ್ದೇ ಬೂದಜ್ಜನ ಬಾಯಿಂದ. ಆ ನಾಲಗೆ ಹೋದರೆ ಅವನ ಹಿರಿಯರೆಲ್ಲ ಎರಡನೇ ಸಲ ಸತ್ತಂತೆಯೇ.

"ಬುದ್ಧಿ, ಮುದುಕನಿಗೆ ಶಿಕ್ಷೆ ಆಗಲಿ" ಅಂದ ಚೌಡಣ್ಣ. "ಅದಕ್ಕೆ ಮುಂಚೆ ಗ್ರಂಥವನ್ನೊಮ್ಮೆ ಕಣ್ಣಿಗೊತ್ತಿಕೊಳ್ಳಬೇಡವೆ? ಪಂಡಿತರೆ, ಮೂರು ಸಾವಿರ ವರ್ಷ ಅಂದಿರಿ. ಹುಳ ತಿಂದಿರಬೇಕಲ್ಲ?"

"ತಿನ್ನದೆ ಬಿಡುತ್ತದೆಯೇ? ನೋಡು, ಗರಿಗರಿಗೂ ತೂತು. ಹಳೆಯದು ಅನ್ನುವುದಕ್ಕೆ ಅದೇ ಸಾಕ್ಷಿ."

"ಅಯ್ಯೋ ಪಾಪ. ದೊರೆಗಳ ಹಿರಿಯರಲ್ಲಿ ಎಷ್ಟು ಜನ ಹುಳದ ಹೊಟ್ಟೆ ಸೇರಿದರೋ."

ಪಂಡಿತ ಉಬ್ಬಿಹೋದ. "ಒಂದಕ್ಷರವೂ ಹೋಗಿಲ್ಲ. ಒಂದು ಕೊಂಬು, ಒಂದು ದೀರ್ಘ ಕೂಡ ಹೋಗಿಲ್ಲ. ಸೂರ್ಯನಾರಾಯಣನ ಕೃಪೆ."

"ಸಭೆಯ ಎದುರು ಹೇಳಿದ್ದೀರಿ. ಆಮೇಲೆ ಮಾತು ತಿರುಗಿಸಬಾರದು."

ಚೌಡಣ್ಣ ಭಂಡಾರದಿಂದ ಇನ್ನೊಂದು ಓಲೆ ತರಿಸಿದ. ನಾಯಕರ ಅಜ್ಜ ಕೆರೆ ಕಟ್ಟಿಸಿದಾಗ ಬರೆಸಿದ್ದು. ಆಗಿ ಎಂಬತ್ತು ವರ್ಷ. ಕಿಟಕಿಯ ಬೆಳಕಿಗೆ ಹಿಡಿದರೆ ಹುಳ ಅಡ್ಡಾದಿಡ್ಡಿ ಮೇದಿತ್ತು. ಕೆರೆಯಲ್ಲಿ ಅರ್ಧ ಇಲ್ಲ, ಅಜ್ಜನ ಹೆಸರಿಗೆ ತಲೆ ಇಲ್ಲ, ಅಜ್ಜಿಯ ಹೆಸರು ಪೂರ್ತಿ ಸ್ವಾಹಾ.

ಆಮೇಲೆ ಪಂಡಿತನ ಗರಿ ಹಿಡಿದ. ತೂತು ಬಂದ ಕಡೆಯೆಲ್ಲ ಅಕ್ಷರ ಈಚೆಗೆ ನಿಂತು, ಆಚೆಯಿಂದ ಮತ್ತೆ ಶುರುವಾಗಿತ್ತು. ಒಂದು ಕಡೆ ತೂತು ದೊಡ್ಡದು; ಅಲ್ಲಿ ಸಾಲಿಗೆ ಸಾಲೇ ಗುಂಡಿ ತಪ್ಪಿಸುವ ಗಾಡಿಯ ಹಾಗೆ ಮೇಲಕ್ಕೆ ಬಳಸಿಕೊಂಡು ಹೋಗಿತ್ತು.

"ಬುದ್ಧಿ, ನಮ್ಮ ಅರಮನೆಯ ಹುಳ ಹೆಬ್ಬೆಟ್ಟು. ನಿಮ್ಮಜ್ಜಿಯ ಹೆಸರು ಅಂತಲೂ ನೋಡದೆ ನುಂಗಿದೆ. ಪಂಡಿತರ ಹುಳ ಓದು ಬಲ್ಲದ್ದು. ಅಕ್ಷರ ಬಂದರೆ ಉಪವಾಸ, ಖಾಲಿ ಜಾಗ ಸಿಕ್ಕರೆ ಊಟ. ಅಂಥ ಹುಳ ಇದ್ದರೆ ಕರೆಸಿ, ಆಸ್ಥಾನ ವಿದ್ವಾಂಸ ಅಂತ ಮಾಡೋಣ. ಇಲ್ಲದಿದ್ದರೆ, ಹುಳ ತಿಂದು ಬಿಟ್ಟ ಹಳೇ ಖಾಲಿ ಗರಿಯ ಮೇಲೆ ಇವರು ಮೊನ್ನೆ ಬರೆದಿದ್ದಾರೆ."

ಪಂಡಿತ ಸಂಜೆಯ ಸಂಧ್ಯಾವಂದನೆಗೆ ಹೊತ್ತಾಯಿತು ಅಂತ ಎದ್ದ. ಆಗಿನ್ನೂ ನಡುಮಧ್ಯಾಹ್ನ.

ನಾಯಕರ ಮುಖ ಇಳಿದುಹೋಯಿತು. "ಗ್ರಂಥ ಸುಳ್ಳು, ಒಪ್ಪಿದೆ. ಆದರೆ ಅಕ್ಕಪಕ್ಕದ ದೊರೆಗಳೆಲ್ಲ ಸೂರ್ಯ, ಚಂದ್ರ ಅಂತ ಮೆರೆಯುವಾಗ ನಾನೊಬ್ಬ ಕತ್ತೆ ಅನ್ನಿಸಿಕೊಂಡು ಕೂರಲೇನೋ? ಈ ಮುದುಕನ ನಾಲಗೆ ಇದ್ದರೆ ತಾನೇ ಈ ಗೋಳು. ಕತ್ತರಿಸಿಯೇ ಬಿಡಿ."

ಬೂದಜ್ಜ ಕಣ್ಣು ಮುಚ್ಚಿಕೊಂಡ. ಚೌಡಣ್ಣ ವೀಳ್ಯವನ್ನು ನಾಯಕರ ಮುಂದೆ ಹಿಡಿದ.

"ಬುದ್ಧಿ, ಸೂರ್ಯನ ಮೇಲಿದ್ದ ಮನೆತನ ಈ ಕಲ್ಲುಗುಡ್ಡಕ್ಕೆ ಬಂತು ಅಂದರೆ ಜನ ಏನಂತಾರೆ? ಏನು ತಪ್ಪು ಮಾಡಿದ್ದರೋ, ಇಷ್ಟು ಕೆಳಗೆ ಬಿದ್ದರು ಅಂತಾರೆ. ಕತ್ತೆ ಹಿಂದೆ ನಡೆದವನ ಮನೆತನ ಗದ್ದುಗೆಗೆ ಬಂತು ಅಂದರೆ, ಅಬ್ಬಾ, ಎಲ್ಲಿಂದ ಎಲ್ಲಿಗೆ ಏರಿದರು ಅಂತಾರೆ. ಬಿದ್ದವರ ಹಾಡು ಬೇಕಾದರೆ ಪಂಡಿತರನ್ನು ವಾಪಸ್ಸು ಕರೆಸುತ್ತೇನೆ. ಏರಿದವರ ಹಾಡು ಬೇಕಾದರೆ, ಅದು ಬರುವ ನಾಲಗೆ ಸೀಮೆಗೆಲ್ಲ ಇದೊಂದೇ."

ನಾಯಕರು ವೀಳ್ಯ ಬಾಯಿಗಿಟ್ಟುಕೊಂಡು ತುಸು ಹೊತ್ತು ಜಗಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ನಗು ಬಂತು. ಪಂಡಿತನಿಗೆಂದು ತೆಗೆದಿಟ್ಟಿದ್ದ ಶಾಲನ್ನು ಚೌಡಣ್ಣನ ಹೆಗಲಿಗೆ ಎಸೆದು, ಬೂದಜ್ಜನ ಕಡೆ ತಿರುಗಿದರು.

"ಹಾಡು ಅಜ್ಜಾ. ಕತ್ತೆಯಿಂದಲೇ ಶುರು ಮಾಡು. ಸ್ವಲ್ಪ ಜೋರಾಗಿ, ಪಕ್ಕದ ಸಂಸ್ಥಾನಕ್ಕೂ ಕೇಳಲಿ."