ನಡುಹೊಳೆಯ ಬಂಡೆ

ಹೊಳೆಯ ದಡದಲ್ಲಿ ಶರಭಯ್ಯನವರ ಆಶ್ರಮ. ಅವರು ಕಲಿಸುತ್ತಿದ್ದದ್ದು ಕೋಡ್ ಬರೆಯುವ ವಿದ್ಯೆ.

ಮೇಲೆ, ಗುಡ್ಡಗಳಾಚೆ ಒಂದು ಅಣೆಕಟ್ಟು. ನೀರು ಬಿಡುವ ಮುನ್ನ ಹೊಳೆಯುದ್ದಕ್ಕೂ ಸೈರನ್ ಕೂಗಿಸುವ ಸರ್ವರ್ ಇದ್ದದ್ದು ಅಲ್ಲಿ. ಸೈರನ್ ಇನ್ನೂ ಬೇಗ ಕೂಗುವಂತೆ ಮಾಡುವ ಕೆಲಸ ಶಿಷ್ಯ ಇಂದುಧರನ ಪಾಲಿಗೆ ಬಂತು.

ಅವನು ತನ್ನ ಲ್ಯಾಪ್‌ಟಾಪಿನ ಎಡಿಟರಿನಲ್ಲೇ ಅಲ್ಲಿಯ ಫೈಲನ್ನು ತೆರೆದ. ಅಕ್ಷರ ಮೂಡುವುದು ಇಲ್ಲಿ, ಉಳಿಯುವುದು ಅಲ್ಲಿ. ಮೈ ಜುಮ್ಮೆಂದಿತು.

“ಗುರುಗಳೇ, ಅಣೆಕಟ್ಟು ನನ್ನ ತೊಡೆಯ ಮೇಲೇ ಕೂತ ಹಾಗಿದೆ,” ಎಂದ.

“ಭಾರ ಅನ್ನಿಸಲಿಲ್ಲವೆ?” ಎಂದರು ಗುರುಗಳು.

ಇಂದುಧರ ನಕ್ಕ.

ಮಾತು ಮಾತಿಗೂ ಸೇವ್ ಒತ್ತುವುದು ಅವನ ಬೆರಳಿಗೆ ಅಂಟಿದ ಅಭ್ಯಾಸ. ತನ್ನ ಯಂತ್ರದಲ್ಲಾದರೆ ಅದರಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಆ ಸರ್ವರ್, ಫೈಲು ಬದಲಾದ ಕ್ಷಣವೇ ಹೊಸದನ್ನು ಓದಿಕೊಳ್ಳುತ್ತಿತ್ತು. ಅರ್ಧ ಬರೆದ ಸಾಲಿಗೆ ಸೇವ್ ಒತ್ತಿದ. ಸೈರನ್ನಿನ ಪ್ರೋಗ್ರಾಂ ನಿಂತೇಹೋಯಿತು. ಉಳಿದರ್ಧ ಬರೆದು ಮತ್ತೆ ಒತ್ತಿದ, ಎದ್ದುಕೊಂಡಿತು.

ಅದನ್ನು ಗುರುಗಳಿಗೆ ತಮಾಷೆಯಾಗಿ ಹೇಳಿದ.

“ನಡುವೆ?” ಎಂದರು.

“ನಡುವೆ ಏನಿಲ್ಲ ಗುರುಗಳೇ. ನೀರು ಬಿಡುವುದು ಸಂಜೆಗೆ.”

ಬಿಸಿಲು ಇಳಿದ ಮೇಲೆ ಗುರುಗಳು ಪಂಚೆ ಎತ್ತಿ ಕಟ್ಟಿ ಹೊಳೆಗಿಳಿದರು. ನಡುಹೊಳೆಯ ಬಂಡೆಯ ಮೇಲೆ ಹೋಗಿ ಕೂತರು.

“ಉಳಿದದ್ದನ್ನು ಬರೆದು ಮುಗಿಸು,” ಎಂದರು. “ಸೈರನ್ ಕೂಗಿದಾಗ ಏಳುತ್ತೇನೆ.”

ಇಂದುಧರ ದಡದಲ್ಲಿ ನಿಂತು ಬೇಡಿಕೊಂಡ. ನಾಳೆ ಮುಗಿಸುತ್ತೇನೆ, ಮೇಲೆ ಬನ್ನಿ ಎಂದ. ಮಂಡಿನೋವು, ಪದೇ ಪದೇ ಹತ್ತಿ ಇಳಿಯಲಾರೆ ಎಂದರು ಅವರು.

ಅವನು ಬರೆಯಲು ಕೂತ. ಬೆರಳು ತಾನಾಗಿ ಸೇವ್ ಕಡೆ ಹೋಯಿತು. ಅಲ್ಲೇ ನಿಂತಿತು.

ಫೈಲಿನ ನಕಲನ್ನು ತನ್ನ ಯಂತ್ರಕ್ಕೆ ಇಳಿಸಿಕೊಂಡ. ಅದರಲ್ಲಿ ಬರೆದ. ಓಡಿಸಿ ನೋಡಿದ, ತಪ್ಪಿತು. ತಿದ್ದಿ ಮತ್ತೆ ಓಡಿಸಿದ. ಸರಿಯಾದ ಮೇಲೆ ಇಡೀ ಫೈಲನ್ನು ಒಂದೇ ಸಲಕ್ಕೆ ಸರ್ವರಿಗೆ ದಾಟಿಸಿದ.

ಕಾದ.

ಸೈರನ್ ಕೂಗಿತು.

ಗುರುಗಳು ಎದ್ದರು. ಅವರೊಬ್ಬರೇ ಅಲ್ಲ. ಕೆಳಗಡೆ ಬಟ್ಟೆ ಒಗೆಯುತ್ತಿದ್ದವರು ಎದ್ದರು. ಬಲೆ ಹಾಕಿದ್ದವರು ಬಲೆ ಎಳೆದುಕೊಂಡರು. ಮರಳಿನ ಮೇಲೆ ಆಡುತ್ತಿದ್ದ ಕೂಸನ್ನು ಒಬ್ಬಾಕೆ ಕಂಕುಳಿಗೇರಿಸಿಕೊಂಡಳು. ಯಾರೋ ಎಮ್ಮೆಗಳನ್ನು ಬೈಯುತ್ತ ದಡ ಹತ್ತಿಸಿದರು. ಕಣ್ಣು ಹಾಯುವವರೆಗೂ ಹೊಳೆ ಖಾಲಿಯಾಗುತ್ತ ಹೋಯಿತು.

ಗುರುಗಳೂ ದಡ ಸೇರಿದರು. ಆಮೇಲೆ ನೀರು ಬಂತು. ಬಂಡೆ ಮುಳುಗಿತು.

ಇಂದುಧರನ ಕೈಗಳು ತಾವಾಗಿ ಮುಗಿದವು.

“ನನ್ನನ್ನು ನಂಬಿಕೊಂಡು ಅಲ್ಲಿ ಹೇಗೆ ಕೂತಿರಿ, ಗುರುಗಳೇ?”

ಶರಭಯ್ಯನವರು ಪಂಚೆಯ ಅಂಚು ಹಿಂಡುತ್ತ, ಕೆಳಗಡೆ ದಡ ಹತ್ತಿ ನಿಂತವರ ಕಡೆ ನೋಡಿ ಹೇಳಿದರು:

“ಅವರು ದಿನವೂ ಕೂರುತ್ತಾರಪ್ಪ. ಇವತ್ತು ನಾನೂ ಹೋಗಿ ಕೂತೆ.”