ಬಿಗಿಪಟ್ಟಿಗೆ ಹಚ್ಚಿದ ಮೇಣ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಊರಿನ ಯಾವ ಸಭೆಗೆ ಹೋದರೂ ನನ್ನನ್ನು ಕರೆದು ಹೊಗಳುತ್ತಾರೆ, ಶಾಲು ಹೊದಿಸುತ್ತಾರೆ. ಆದರೆ ತೀರ್ಮಾನ ಮಾಡುವ ಹೊತ್ತಿಗೆ ನೋಡಿದರೆ ನಾನು ಹೊರಗಿರುತ್ತೇನೆ. ಹೊರಗೆ ಹೋಗು ಎಂದು ಯಾರೂ ಹೇಳಿರುವುದಿಲ್ಲ. ಇದು ಹೇಗಾಗುತ್ತದೆ ಗುರುಗಳೇ?"

ಅವನು ಅಂದೂ ಒಂದು ಸಭೆಯಿಂದಲೇ ಬಂದಿದ್ದ. ಸೆಕೆಯಲ್ಲಿ ಬೆವರುತ್ತಿದ್ದರೂ ಹೆಗಲ ಮೇಲಿನ ಶಾಲನ್ನು ತೆಗೆದಿರಲಿಲ್ಲ. ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಅವನ ಕೇರಿಗೆ ನೀರಿರಲಿಲ್ಲ. ಕೆರೆಯ ಕಾಲುವೆ ಉಳಿದ ಕೇರಿಗಳನ್ನೆಲ್ಲ ಸುತ್ತಿ, ಅವನ ಕೇರಿ ಬರುವ ಮೊದಲೇ ತಿರುಗಿಕೊಳ್ಳುತ್ತಿತ್ತು. ಕಾಲುವೆ ಎಲ್ಲಿ ಹರಿಯಬೇಕು ಎಂಬುದು ಚಾವಡಿಯಲ್ಲಿ ತೀರ್ಮಾನವಾಗುತ್ತಿತ್ತು. ಆ ಕೇರಿಯವರು ಚಾವಡಿಯ ಮೆಟ್ಟಿಲ ಕೆಳಗೆ ನಿಂತು, ಒಳಗಿನವರು ಹೇಳಿದ್ದನ್ನು ಕೇಳಿಸಿಕೊಂಡು ಬರುತ್ತಿದ್ದರು. ಬಡಗಿಯ ಹೆಂಡತಿ ಪಕ್ಕದ ಕೇರಿಯ ಬಾವಿಯಿಂದ ದೂರದಲ್ಲಿ ಕೊಡ ಇಟ್ಟು, ಯಾರಾದರೂ ಸೇದಿ ಹುಯ್ಯಲಿ ಎಂದು ಕಾಯುತ್ತಿದ್ದಳು.

ಅದೇ ಊರಿನಲ್ಲಿ ಒಬ್ಬ ವರ್ತಕನಿದ್ದ. ಊರಿಗೆಲ್ಲ ಹಿರಿಯನೆನಿಸಿಕೊಳ್ಳಬೇಕೆಂದು ಅವನಿಗೆ ಆಸೆಯಾಯಿತು. ಚಾವಡಿಯಲ್ಲಿ ಕೇರಿಗೊಂದು ಮೂಲೆ ಹಿಡಿದು ಕೂತು ಜಗಳವಾಡುವವರನ್ನು ಒಂದೇ ಮೇಜಿನ ಸುತ್ತ ಕೂರಿಸುತ್ತೇನೆ ಎಂದು ಸಾರಿದ. ಪ್ರತಿ ಕೇರಿಯಿಂದಲೂ ಒಂದೊಂದು ಹಲಗೆ ಕೇಳಿದ. ಒಬ್ಬರು ತೇಗ ಕೊಟ್ಟರು, ಒಬ್ಬರು ಹಲಸು ಕೊಟ್ಟರು, ಒಬ್ಬರು ಹೊನ್ನೆ ಕೊಟ್ಟರು. ಬಡಗಿಯ ಕೇರಿಯಲ್ಲಿ ಕೊಡಲು ಹಲಗೆ ಇರಲಿಲ್ಲ.

ವರ್ತಕ ಬಡಗಿಯನ್ನು ಕರೆಸಿ ಹೇಳಿದ: "ನಿನ್ನ ಕೈಕೆಲಸವೇ ನಿಮ್ಮ ಕೇರಿಯ ಹಲಗೆ ಕಣಯ್ಯಾ. ಮೇಜು ಮಾಡಿಕೊಡು. ಅದರಲ್ಲಿ ನಿನಗೂ ಒಂದು ಜಾಗ."

ಬಡಗಿ ಆ ಮಾತನ್ನು ನಂಬಿದ. ಮೆಟ್ಟಿಲ ಕೆಳಗೆ ನಿಂತು ನಿಂತು ಕಾಲು ಸೋತವನು ಇನ್ನೇನು ಮಾಡಿಯಾನು?

ಹಲಗೆಗಳೋ ಒಂದೊಂದು ಒಂದೊಂದು ಕಡೆಗೆ ಸೊಟ್ಟಗಿದ್ದವು. ಅಂಚು ಹೆರೆದು, ಅಂಟು ಬಳಿದು ಕೂಡಿಸಿದರೆ ಸಾಲದು, ಅಂಟು ಒಣಗುವವರೆಗೆ ಬಿಗಿಯಾಗಿ ಹಿಡಿದಿಡಬೇಕು. ಹಾಗೆ ಬಿಗಿದು ಹಿಡಿಯುವ ಕಬ್ಬಿಣದ ಸಲಕರಣೆ ಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಅವನು ತನ್ನ ಮನೆಯ ಮಂಚವನ್ನೇ ಬಿಚ್ಚಿದ. ಅದರ ಉದ್ದನೆಯ ಪಟ್ಟಿಗಳ ಎರಡೂ ತುದಿಗೆ ಗೂಟ ಹೊಡೆದ. ಹಲಗೆಗಳನ್ನು ಗೂಟಗಳ ನಡುವೆ ಕೂಡಿಸಿಟ್ಟು, ಉಳಿದ ಸಂದಿಗೆ ಎದುರುಬದುರಾಗಿ ಎರಡು ಬೆಣೆ ತೂರಿಸಿ ಬಡಿದರೆ ಎಂಥ ಸೊಟ್ಟ ಹಲಗೆಯಾದರೂ ಬಗ್ಗಬೇಕು. ಅದನ್ನು ಅವನು ಬಿಗಿಪಟ್ಟಿ ಎಂದು ಕರೆದ.

"ಅವರು ಮೇಜಿಗೆ ಕೂರಲಿ ಅಂತ ನಾವು ನೆಲದಲ್ಲಿ ಬಿದ್ದಿರಬೇಕಾ?" ಎಂದಳು ಹೆಂಡತಿ.

"ಅವರು ಅಲ್ಲ ಕಣೇ, ನಾವು. ಅಲ್ಲಿ ನನಗೂ ಜಾಗ ಇದೆ. ಕೂತ ದಿನವೇ ಕಾಲುವೆ ವಿಷಯ ಎತ್ತುತ್ತೇನೆ."

ಅಂಟು ಬಳಿಯುವ ದಿನ ವರ್ತಕ ನೋಡಲು ಬಂದ. ಬಡಗಿ ಬಿಗಿಪಟ್ಟಿಗಳಿಗೆ ಜೇನುಮೇಣ ತಿಕ್ಕುತ್ತಿದ್ದ.

"ಇದೇನಯ್ಯಾ, ಮರಕ್ಕೆ ಎಣ್ಣೆಸ್ನಾನ ಮಾಡಿಸ್ತಿದ್ದೀಯಾ?" ಎಂದು ವರ್ತಕ ನಕ್ಕ.

"ಮೇಣ ಹಚ್ಚದಿದ್ದರೆ ಹೊರಗೆ ಬಂದ ಅಂಟಿಗೆ ಈ ಪಟ್ಟಿಯೂ ಮೇಜಿಗೇ ಹತ್ತಿಕೊಳ್ಳುತ್ತೆ ಧಣಿ. ಆಮೇಲೆ ಕಿತ್ತರೆ ಹಲಗೆಯ ಚರ್ಮವೂ ಕಿತ್ತು ಬರುತ್ತೆ."

"ಮೇಣ ಹಚ್ಚಿದರೆ?"

"ಎಷ್ಟು ಬೇಕಾದರೂ ಬಿಗಿಯಬಹುದು. ಕೆಲಸ ಮುಗಿದ ಮೇಲೆ ಕೊಡತಿಯಿಂದ ಒಂದು ಏಟು ಹಾಕಿದರೆ ತಾನಾಗಿ ಬಿದ್ದುಹೋಗುತ್ತೆ. ಮೇಜಿನ ಮೇಲೆ ಗುರುತು ಕೂಡ ಉಳಿಯಲ್ಲ."

ವರ್ತಕ ಆಮೇಲೆ ನಗಲಿಲ್ಲ. ಮೇಣದ ಉಂಡೆಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಮೂಸಿ, ಕೆಳಗಿಟ್ಟ. "ಒಳ್ಳೆ ಉಪಾಯ" ಎಂದ.

ಬಡಗಿಗೆ ಹೆಮ್ಮೆಯಾಯಿತು.

ಮೇಜು ಸಿದ್ಧವಾಯಿತು. ಬೆಣೆ ಕಳಚಿದ್ದೇ ಬಿಗಿಪಟ್ಟಿಗಳು ನೆಲಕ್ಕೆ ಬಿದ್ದವು. ಹಲಗೆ ಹಲಗೆಯ ನಡುವೆ ಉಗುರು ಹೋಗುವಷ್ಟೂ ಸಂದಿ ಇರಲಿಲ್ಲ. ಮೇಜನ್ನು ಚಾವಡಿಗೆ ಹೊತ್ತುಕೊಂಡು ಹೋದರು.

ಸಭೆಯ ದಿನ ಬಡಗಿ ಒಗೆದ ಬಟ್ಟೆ ಉಟ್ಟು ಹೊರಟ. ಕೇರಿಯವರು ಬೀದಿಯ ಕೊನೆಯವರೆಗೂ ಬಂದರು. "ಬೇರೆ ಏನೂ ಕೇಳಬೇಡ, ನೀರೊಂದನ್ನೇ ಕೇಳು" ಎಂದರು. ಅವನು ಜೀವನದಲ್ಲಿ ಮೊದಲ ಸಲ ಚಾವಡಿಯ ಮೆಟ್ಟಿಲು ಹತ್ತಿದ. ಒಳಗೆ ಹೆಜ್ಜೆಯಿಟ್ಟ. ವರ್ತಕ ಎದ್ದು ಬಂದು ಬಾಗಿಲಲ್ಲೇ ಅವನ ಕೈ ಹಿಡಿದ.

"ಈ ಮನುಷ್ಯನಿಲ್ಲದಿದ್ದರೆ ನಾವೆಲ್ಲ ಇಂದು ಹೀಗೆ ಕೂರುತ್ತಿದ್ದೆವೇ?" ಎಂದು ಕೂಗಿ ಹೇಳಿದ. ಜರಿಯಂಚಿನ ಶಾಲು ತರಿಸಿ ಹೊದಿಸಿದ. ಹಾರ ಹಾಕಿದ. ಮೇಜಿನ ಸುತ್ತ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಬಡಗಿಯ ಕಣ್ಣಲ್ಲಿ ನೀರು ಬಂತು. ಅವನು ಎಲ್ಲರಿಗೂ ಕೈಮುಗಿದ. ಬಗ್ಗಿ ಮುಗಿದ, ಹಿಂದೆ ಸರಿದು ಮುಗಿದ, ಇನ್ನೂ ಹಿಂದೆ ಸರಿದು ಮುಗಿದ. ಚಪ್ಪಾಳೆ ನಿಂತಾಗ ಅವನು ಮೆಟ್ಟಿಲ ಕೆಳಗಿದ್ದ. ಬಾಗಿಲು ಹಾಕಿತ್ತು.

ಯಾರೂ ಅವನನ್ನು ತಳ್ಳಿರಲಿಲ್ಲ.

ಅಂದು ಒಳಗಿದ್ದವರು ಒಂದೇ ಮೇಜಿಗೆ ಕೂತು, ಒಂದೇ ದನಿಯಲ್ಲಿ, ಕಾಲುವೆಯನ್ನು ವರ್ತಕನ ತೋಟಕ್ಕೆ ತಿರುಗಿಸಿದರು. ಹಿಂದೆ ಅವರು ಜಗಳವಾಡುತ್ತಿದ್ದಾಗ ಒಬ್ಬನಾದರೂ ಬೇಡ ಎನ್ನುತ್ತಿದ್ದ. ಈಗ ಅದೂ ಇರಲಿಲ್ಲ.

ಮನೆಯ ಬಾಗಿಲಲ್ಲಿ ಹೆಂಡತಿ ಕಾದಿದ್ದಳು. "ನೀರು?" ಎಂದಳು. ಬಡಗಿ ಶಾಲು ತೋರಿಸಿದ. ಅವಳು ಅದರ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಹಿಂಡಿದರೆ ಎಷ್ಟು ಕೊಡ ಬರುತ್ತೆ?" ಎಂದು ಕೇಳಿ, ಖಾಲಿ ಕೊಡ ಎತ್ತಿಕೊಂಡು ಪಕ್ಕದ ಕೇರಿಗೆ ಹೋದಳು.

ಬಡಗಿ ಜಗುಲಿಯಲ್ಲಿ ಕೂತ. ಬಿಗಿಪಟ್ಟಿಗಳು ಗೋಡೆಗೆ ಒರಗಿದ್ದವು. ಮತ್ತೆ ಮಂಚ ಮಾಡೋಣವೆಂದರೆ ಗೂಟದ ತೂತು ಬಿದ್ದು ಕೆಟ್ಟಿದ್ದವು. ಒಂದು ಪಟ್ಟಿಯ ಮೇಲೆ ಒಣಗಿದ ಅಂಟಿನ ಹನಿ ಇತ್ತು. ಅವನು ಅದನ್ನು ಉಗುರಿನಿಂದ ಮೀಟಿದ. ಹನಿ ಟಕ್ಕನೆ ಹಾರಿಹೋಯಿತು. ಕೆಳಗೆ ಮೇಣ ಹೊಳೆಯುತ್ತಿತ್ತು. ಅವನು ಆ ಹೊಳಪನ್ನು ನೋಡಿದ, ತನ್ನ ಹೆಗಲ ಜರಿಯನ್ನು ನೋಡಿದ. ಉಪಾಯ ಹೇಳಿಕೊಟ್ಟವನು ತಾನೇ ಎಂಬುದು ಆಗ ನೆನಪಾಯಿತು.

ಮರುವರ್ಷ ಮೇಜಿನ ಸುತ್ತ ಹಾಕಲು ಬೆಂಚುಗಳು ಬೇಕಾದವು. ವರ್ತಕ ಮತ್ತೆ ಬಡಗಿಯ ಮನೆಗೆ ಬಂದ. ಅವನ ತೋಳಿನ ಮೇಲೆ ಇನ್ನೊಂದು ಶಾಲು ಇತ್ತು. ಅದರ ಜರಿ ಮೊದಲಿನದಕ್ಕಿಂತ ಅಗಲವಾಗಿತ್ತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಬಡಗಿ ಅದನ್ನು ಹೊದ್ದುಕೊಂಡನೇ ಗುರುಗಳೇ?"

"ನಿನ್ನ ಹೆಗಲ ಮೇಲಿರುವುದನ್ನು ಮೂಸಿ ನೋಡಿ, ನೀನೇ ಹೇಳು" ಎಂದರು ಗುರುಗಳು.

ಶಿಷ್ಯನ ಕೈ ಶಾಲಿನ ಅಂಚಿನವರೆಗೆ ಹೋಗಿ ಅಲ್ಲೇ ನಿಂತಿತು.