ಎರಡೂ ಬದಿಗೆ ಮಳೆ

ಹೊಳೆಯ ಈ ದಡದಲ್ಲೊಂದು ಮಠ, ಆ ದಡದಲ್ಲೊಂದು ಮಠ. ನಡುವೆ ಮಂಜು ಎಷ್ಟು ದಪ್ಪ ಅಂದರೆ, ಒದ್ದೆ ಪಂಚೆಯನ್ನು ಅದರ ಮೇಲೇ ಒಣಹಾಕುತ್ತಿದ್ದರು.

ವರ್ಷಕ್ಕೊಮ್ಮೆ ಎರಡೂ ಮಠದ ಶಿಷ್ಯರಿಗೆ ಚಿನ್ನಿದಾಂಡು. ಎಂಥ ಆಟ ಅಂತೀರಿ! ಒಮ್ಮೆ ಹುಣ್ಣಿಮೆಯಂದು ಹೊಡೆದ ಚಿನ್ನಿ ಅಮಾವಾಸ್ಯೆಗೆ ಕೆಳಗೆ ಬಂತು. ಅದರ ಮೇಲೆ ಗುಬ್ಬಿ ಮೊಟ್ಟೆ ಇಟ್ಟಿತ್ತು.

ಸೋತವರ ಮುಂದಾಳು ಗೆದ್ದವರ ಮಠಕ್ಕೆ ಹೋಗಿ ವರ್ಷವಿಡೀ ನೀರು ಹೊರಬೇಕು. ಅದೇ ಪಣ.

ಈ ದಡದ ಮುಂದಾಳು ಕರಿಬಸವ. ಅವನ ಗುರು ಮೌನಪ್ಪಜ್ಜನಿಗೆ ಹಣ್ಣೆಲೆಯ ವಯಸ್ಸು. ದಿನಾ ಕೈಹಿಡಿದು ಹೊಳೆಗೆ ಇಳಿಸುವವನು ಕರಿಬಸವನೇ. ಸೋತು ಆಚೆ ಹೋದರೆ, ತಿರುಗಿ ಬರುವಷ್ಟರಲ್ಲಿ ಅಜ್ಜ ಇರುತ್ತಾರೋ ಇಲ್ಲವೋ.

"ಅಜ್ಜಾರೆ, ಕೊನೇ ಸರದಿ ನಮಗೇ ಸಿಗಬೇಕು," ಅಂದ. "ಮೊದಲು ಆಡೋರು ಕಣ್ಣು ಕಟ್ಟಿಕೊಂಡು ಹೊಡೆದ ಹಾಗೆ. ಕೊನೆಗೆ ಆಡೋರಿಗೆ ಎಷ್ಟು ಹೊಡೆದರೆ ಗೆಲುವು ಅಂತ ಗೊತ್ತಿರುತ್ತೆ."

"ಗೊತ್ತಿದ್ದರೆ ಸಾಕೇನೋ?"

"ಸಾಕಲ್ಲದೆ!"

ಅಜ್ಜ ನಕ್ಕರು.

ಯಾರ ದಡದಲ್ಲಿ ಆಟವೋ ಅವರಿಗೇ ಕೊನೆಯ ಸರದಿ. ಅದು ಹಿಂದಿನಿಂದ ಬಂದ ರೂಢಿ. ಆದರೆ ಆ ವರ್ಷ ಹೊಳೆಗೆ ಏನು ಮನಸ್ಸಾಯಿತೋ, ಎರಡೂ ದಡದ ಬಯಲನ್ನು ಎತ್ತಿ ಒಯ್ದು ನಡುನೀರಿನಲ್ಲಿ ಹಾಸಿಬಿಟ್ಟಿತು. ಆಟ ಆ ಮರಳದಿಬ್ಬದ ಮೇಲೆ. ಅದು ಯಾರ ದಡ?

ಹೆಂಚಿನ ಚೂರು ಹಾರಿಸೋಣ ಅಂದರು. ಉಗುಳು ಹಚ್ಚಿದ ಬದಿ ಮಳೆ, ಒಣ ಬದಿ ಬಿಸಿಲು.

ಕರಿಬಸವ ಚೂರು ಹೆಕ್ಕಿದ. ಬೆನ್ನು ತಿರುಗಿಸಿ ಎರಡೂ ಬದಿಗೆ ಉಗುಳು ಸವರಿದ.

"ನಮ್ಮದು ಮಳೆ!" ಎಂದು ಕೂಗಿ ಹಾರಿಸಿದ.

ಬಿತ್ತು. ಮಳೆ.

ಅಜ್ಜ ಚೂರನ್ನು ಎತ್ತಿಕೊಂಡರು. ಹೆಬ್ಬೆರಳಿನಿಂದ ಈ ಬದಿ ಮುಟ್ಟಿದರು, ಆ ಬದಿ ಮುಟ್ಟಿದರು. ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹೋಗಲಿ ಬಿಡ್ರೋ, ನಾವೇ ಮೊದಲು ಹೊಡೀತೀವಿ," ಅಂದ ಆ ದಡದ ಮುಂದಾಳು ಚನ್ನವೀರ. "ಲೇ ಕರಿಬಸ್ಯಾ, ನಮ್ಮ ಮಠದ ಕೊಡ ಬೆಳಗಿ ಇಟ್ಟು ಬಂದಿದ್ದೀನಿ, ನಿನ್ನ ಹೆಗಲಿಗೆ!"

ಚನ್ನವೀರ ಹೊಡೆದ ಚಿನ್ನಿಗೆ ಬೆಳ್ಳಕ್ಕಿಗಳು ಸರಿದು ದಾರಿ ಬಿಟ್ಟವು. ಮೋಡ ತೂತಾಗಿ, ಆ ತೂತಿನಿಂದ ಬಿಸಿಲು ಸುರಿಯಿತು. ಚಿನ್ನಿ ಕೆಳಗೆ ಬರುವಷ್ಟರಲ್ಲಿ ಕಾದವರೆಲ್ಲ ಒಂದು ನಿದ್ದೆ ತೆಗೆದರು. ಎಲ್ಲರಿಗೂ ಒಂದೇ ಕನಸು ಬಿತ್ತು.

ಈ ಕಡೆಯವರೂ ಕಮ್ಮಿಯಿರಲಿಲ್ಲ. ಕಟ್ಟಕಡೆಗೆ ಕರಿಬಸವ ದಾಂಡು ಹಿಡಿದಾಗ ಗೆಲುವಿಗೆ ಬೇಕಿದ್ದದ್ದು ಒಂದು ಸಣ್ಣ ಏಟು. ಹಾಲುಗಲ್ಲದ ಕೂಸೂ ಹೊಡೆಯಬಹುದು.

ಅಜ್ಜನ ಕಡೆ ನೋಡಿದ. ಅಜ್ಜ ಹೊಳೆ ನೋಡುತ್ತಿದ್ದರು.

ದಾಂಡು ಮೇಲೇಳಲಿಲ್ಲ.

"ಹೊಡೆಯೋ! ಮತ್ತೆ ನಿದ್ದೆ ಬಂತಾ?" ಚನ್ನವೀರ ಕೂಗಿದ.

"ಚನ್ನವೀರಣ್ಣ, ಆ ಚೂರಿನ ಎರಡೂ ಬದಿಗೆ ನಾನೇ ಮಳೆ ಸುರಿಸಿದ್ದೆ. ಸೋತೆ."

ದಾಂಡನ್ನು ಮರಳಲ್ಲಿ ಮಲಗಿಸಿದ.

ಇಳಿಹೊತ್ತಿನ ಮಂಜಿನಲ್ಲಿ ಆಚೆ ದಡದ ದೋಣಿ ಹತ್ತಿದ. ಮೌನಪ್ಪಜ್ಜ ಯಾರ ಕೈಯನ್ನೂ ಹಿಡಿಯದೆ ನೀರಿಗಿಳಿದು, ದೋಣಿಯ ಅಂಚು ಹಿಡಿದು ನಿಂತರು.

"ಅಜ್ಜಾರೆ, ನಿಮಗೆ ಆಗಲೇ ಗೊತ್ತಾಗಿತ್ತು. ಯಾಕೆ ಸುಮ್ಮನಿದ್ದಿರಿ?"

ಅಜ್ಜ ಒಣಗಿದ ಚೂರನ್ನು ಅವನ ಅಂಗೈಯಲ್ಲಿಟ್ಟು, ದೋಣಿಯನ್ನು ಮೆಲ್ಲಗೆ ನೂಕಿದರು.

"ಕೊನೇ ಸರದಿ ನಿಂದಾಗಿತ್ತಲ್ಲೋ ಮಗಾ. ಅದನ್ನ ನಾನು ಹೇಗೆ ಆಡಲಿ?"